ಮೆಕ್ಕೆಜೋಳ ಬಂತು, ಸುಣ್ಣ ಬರಲಿಲ್ಲ

ಟೊಮೆಟೊ ಸಾರು, ಆಲೂಗಡ್ಡೆ ಪಲ್ಯ, ಪಕ್ಕಕ್ಕೆ ಶೇಂಗಾ ಚಟ್ನಿ. ಮೂರಕ್ಕೂ ಖಾರ ಮೆಣಸಿನಕಾಯಿಯದು. ಇದಕ್ಕಿಂತ ನಮ್ಮೂರಿನ ಊಟ ಬೇರೆ ಇಲ್ಲ ಅನ್ನಿಸುತ್ತದೆ. ಆದರೆ 550 ವರ್ಷಗಳ ಹಿಂದೆ ಈ ನಾಲ್ಕರಲ್ಲಿ ಒಂದೂ ಕರ್ನಾಟಕದಲ್ಲಿ ಇರಲಿಲ್ಲ. ವಿಜಯನಗರದ ಪ್ರೌಢದೇವರಾಯನಿಗೂ ಖಾರ ಬೇಕೆಂದರೆ ಕಾಳುಮೆಣಸು, ಶುಂಠಿಯೇ ಗತಿ.

ಈ ವಿಷಯಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ಪುಸ್ತಕವೇ ಇದೆ: ಬಿ.ಜಿ.ಎಲ್. ಸ್ವಾಮಿ ಅವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’. ಸ್ವಾಮಿ ಡಿ.ವಿ.ಜಿ.ಯವರ ಮಗ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ‘ಹಸುರು ಹೊನ್ನು’ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಪಾಸ್‌ಪೋರ್ಟ್ ಇಲ್ಲದೆ ದೇಶ ನೋಡುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾವು ಮೊದಲು ಹೇಳುವುದು ಇವರ ಹೆಸರನ್ನೇ. ನಿಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ವಿಚಾರಿಸಿ ನೋಡಿ.

ಕಥೆ ಶುರುವಾಗುವುದು ನಮ್ಮ ಮೆಣಸಿನಿಂದಲೇ. ಕೊಲಂಬಸ್ 1492ರಲ್ಲಿ ಹಡಗು ಹತ್ತಿದ್ದು ಏಷ್ಯಾದ ಮೆಣಸು, ಚಿನ್ನ ಹುಡುಕಿಕೊಂಡು. ತಲುಪಿದ್ದು ಅಮೆರಿಕದ ದ್ವೀಪಗಳನ್ನು. ಅಲ್ಲಿನ ಜನ ತಿನ್ನುತ್ತಿದ್ದ ಕೆಂಪು ಕಾಯಿಯ ಖಾರ ಕಂಡು ಅವನ ಕಡೆಯವರು ಅದಕ್ಕೂ ಮೆಣಸಿನ ಹೆಸರನ್ನೇ ಇಟ್ಟರು. ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದು, 1510ರಲ್ಲಿ ಗೋವಾ ಹಿಡಿದ ಮೇಲೆ ಆ ಕಾಯಿ ಇಲ್ಲಿಗೂ ಬಂತು. ನಮ್ಮವರೂ ಮಾಡಿದ್ದು ಅದನ್ನೇ. ಕಾಳಿನಲ್ಲಿದ್ದ ಖಾರ ಕಾಯಿಯಲ್ಲಿ ಸಿಕ್ಕಿತು, ‘ಮೆಣಸಿನಕಾಯಿ’ ಅಂದರು.

ಮಾತಿನಲ್ಲಿ ಇಂಥ ಗುರುತು ಬೇಕಾದಷ್ಟಿವೆ. ‘ಪರಂಗಿ ಹಣ್ಣು’ ಅಂದರೆ ಫರಂಗಿಯವರ, ಅಂದರೆ ಯುರೋಪಿನವರ ಹಣ್ಣು. ಸೀಮೆ ಬದನೆಯ ‘ಸೀಮೆ’ಯೂ ಹೊರದೇಶವೇ, ಅದರ ತವರು ಮೆಕ್ಸಿಕೋ ಕಡೆ. ಟೊಮೆಟೊ ಅನ್ನುವುದು ಮೆಕ್ಸಿಕೋದ ಅಜ್ಟೆಕ್ ಜನರ ‘ತೊಮಾತ್ಲ್’ ಎಂಬ ಮಾತು, ಸ್ಪೇನ್ ಸುತ್ತಿ ನಮ್ಮ ಸಂತೆಗೆ ಬಂದಿದೆ. ಇನ್ನು ಅನೇಕ ಬ್ರಾಹ್ಮಣ ಮನೆಗಳಲ್ಲಿ ಇವತ್ತಿಗೂ ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಹಾಕುವುದಿಲ್ಲ. ಖಾರಕ್ಕೆ ಕಾಳುಮೆಣಸು, ಪಲ್ಯಕ್ಕೆ ಬಾಳೆಕಾಯಿ, ಹಾಗಲಕಾಯಿ. ಮಡಿಯ ನೆಪದಲ್ಲಿ ಹಡಗು ಬರುವುದಕ್ಕಿಂತ ಹಿಂದಿನ ಅಡುಗೆ ಉಳಿದುಕೊಂಡಿದೆ. (ರಾಗಿ, ಬಿಳಿಜೋಳ ಕೂಡ ಆಫ್ರಿಕಾದಿಂದ ಬಂದವೇ. ಅದು ಸಾವಿರಾರು ವರ್ಷ ಹಳೆಯ ಮಾತು, ಇಲ್ಲಿಗೆ ಬೇಡ.)

ನಾವು ಹೆಚ್ಚು ಹೇಳಬೇಕಿರುವುದು ಮೆಕ್ಕೆಜೋಳದ ಬಗ್ಗೆ. ದಾವಣಗೆರೆ, ಹಾವೇರಿ ಕಡೆ ಹೊಲ ತುಂಬ ಇದೇ ಬೆಳೆ. ಸೋಮನಾಥಪುರದ 13ನೇ ಶತಮಾನದ ಹೊಯ್ಸಳ ಗುಡಿಯ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆ ಎಂದು 1989ರಲ್ಲಿ ಅಮೆರಿಕದ ಸಂಶೋಧಕರು ವಾದಿಸಿದ್ದರು. ನೋಡಲು ಹೌದೆನಿಸುತ್ತದೆ. ಆದರೆ ಹೆಚ್ಚಿನ ವಿದ್ವಾಂಸರು ಒಪ್ಪಲಿಲ್ಲ, ನಮಗೂ ಅದು ಮುತ್ತು ಕೆತ್ತಿದ ಕಲ್ಪನೆಯ ಹಣ್ಣು ಅಂತಲೇ ಕಾಣುತ್ತದೆ.

ಮೆಕ್ಸಿಕೋದ ಹಳ್ಳಿಯ ಹೆಂಗಸರು ಈ ಜೋಳವನ್ನು ಹಾಗೇ ಬೀಸುವುದಿಲ್ಲ. ಒಣಗಿದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಡುತ್ತಾರೆ. ಬೆಳಿಗ್ಗೆ ಚೆನ್ನಾಗಿ ತೊಳೆದು, ಸಿಪ್ಪೆ ಉಜ್ಜಿ ತೆಗೆದು, ಕಲ್ಲಿನ ಮೇಲೆ ಅರೆಯುತ್ತಾರೆ. ಆ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಮಣ್ಣಿನ ಹೆಂಚಿನ ಮೇಲೆ ಸುಟ್ಟರೆ ರೊಟ್ಟಿ. ನಮ್ಮ ಉತ್ತರ ಕರ್ನಾಟಕದ ಅವ್ವಂದಿರನ್ನು ಅಲ್ಲಿಗೆ ಕರೆದೊಯ್ದು ಕೂರಿಸಿದರೆ ಭಾಷೆ ಬರದಿದ್ದರೂ ಕೆಲಸಕ್ಕೆ ತೊಂದರೆಯಾಗದು.

ಯುರೋಪಿನವರು ಬೀಜ ಒಯ್ದರು, ಸುಣ್ಣ ಬಿಟ್ಟರು. ಅದು ‘ಕಾಡುಜನ’ರ ಪದ್ಧತಿ, ನಮಗ್ಯಾಕೆ ಅಂದುಕೊಂಡಿರಬೇಕು. 1735ರ ಹೊತ್ತಿಗೆ ಸ್ಪೇನಿನ ಬಡ ರೈತರಲ್ಲಿ, ಆಮೇಲೆ ಇಟಲಿಯಲ್ಲಿ ಒಂದು ಕಾಯಿಲೆ ಕಾಣಿಸಿತು. ಬಿಸಿಲು ಬಿದ್ದಲ್ಲೆಲ್ಲ ಚರ್ಮ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ, ಸಾವು. ಇಟಲಿಯವರು ಪೆಲಾಗ್ರಾ ಅಂದರು. ಒರಟು ಚರ್ಮ ಎಂದು ಅರ್ಥ. ಮೆಕ್ಕೆಜೋಳ ಬಿಟ್ಟರೆ ಬೇರೆ ಗತಿಯಿಲ್ಲದವರಿಗೇ ಅದು ಬರುತ್ತಿತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ ಸಾವಿರಾರು ಬಡವರು ಸತ್ತರು. ಇದು ಅಂಟುರೋಗವಲ್ಲ, ಊಟದ ಕೊರತೆ ಎಂದು ಡಾಕ್ಟರ್ ಜೋಸೆಫ್ ಗೋಲ್ಡ್‌ಬರ್ಗರ್ ತೋರಿಸಿದರೂ ಬಹಳ ಜನ ನಂಬಲಿಲ್ಲ. ಕಾಳಿನಲ್ಲಿ ನಯಾಸಿನ್ ಎಂಬ ಜೀವಸತ್ವ ಇದೆ, ಆದರೆ ಕಟ್ಟಿಹಾಕಿದಂತೆ ಇದೆ, ಸುಣ್ಣ ಅದನ್ನು ಬಿಡಿಸಿ ಮೈಗೆ ಹತ್ತುವಂತೆ ಮಾಡುತ್ತದೆ ಎಂಬುದು ಗೊತ್ತಾದದ್ದು ಅದಕ್ಕೂ ಆಮೇಲೆ. ಮೆಕ್ಸಿಕೋದ ಅಜ್ಜಿಯರು ಸಾವಿರಾರು ವರ್ಷದಿಂದ ಮಾಡಿಕೊಂಡು ಬಂದದ್ದು ಅದನ್ನೇ.

ಆ ಅಜ್ಜಿಯರ ಕುಲಕ್ಕೆ ಆದದ್ದನ್ನೂ ಹೇಳಬೇಕು. ಸ್ಪೇನಿನವರು ಕಾಲಿಟ್ಟ ನೂರು ವರ್ಷಗಳಲ್ಲಿ ಸಿಡುಬು, ದಡಾರ, ಯುದ್ಧ, ಬಿಟ್ಟಿ ದುಡಿಮೆಗೆ ಸಿಕ್ಕಿ ಮೆಕ್ಸಿಕೋದ ಮೂಲನಿವಾಸಿಗಳಲ್ಲಿ ಹೆಚ್ಚಿನವರು ಸತ್ತರು. ಅಂಥ ಜನ ತಲೆಮಾರುಗಟ್ಟಲೆ ಆರಿಸಿ, ಬಿತ್ತಿ, ತಿದ್ದಿದ ಬೆಳೆಗಳ ಮೇಲೆ ಇವತ್ತು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ, ಚಳ್ಳಕೆರೆಯ ಎಣ್ಣೆ ಗಿರಣಿ, ಕೋಲಾರದ ಟೊಮೆಟೊ ಮಂಡಿ ನಿಂತಿವೆ.

ಹಾಸನದ ಆಲೂಗಡ್ಡೆಯ ತವರು ಪೆರು, ಬೊಲಿವಿಯಾದ ಎತ್ತರದ ಬೆಟ್ಟಗಳು. ಅಲ್ಲಿನವರು ಗಡ್ಡೆಗಳನ್ನು ಜೂನ್ ತಿಂಗಳ ಚಳಿಗೆ ಬಯಲಲ್ಲಿ ಹರವುತ್ತಾರೆ. ರಾತ್ರಿ ಹೆಪ್ಪುಗಟ್ಟಿದ್ದು ಹಗಲು ಕರಗಿದಾಗ ಬರಿಗಾಲಲ್ಲಿ ತುಳಿದು ನೀರು ಹಿಂಡುತ್ತಾರೆ. ಹಲವು ದಿನ ಹೀಗೆ ಮಾಡಿ ಒಣಗಿಸಿದರೆ ನಮ್ಮ ಸಂಡಿಗೆಯ ಹಾಗೆ ಹಗುರ, ವರ್ಷಗಟ್ಟಲೆ ಕೆಡದು. ಹೆಸರು ‘ಚುನ್ಯೊ’. 1545ರಲ್ಲಿ ಬೊಲಿವಿಯಾದ ಪೊಟೊಸಿ ಬೆಟ್ಟದಲ್ಲಿ ಬೆಳ್ಳಿ ಸಿಕ್ಕ ಮೇಲೆ ಸ್ಪೇನಿನವರು ಅಲ್ಲಿನ ಜನರನ್ನು ಗಣಿಗೆ ಇಳಿಸಿದರು. ಆ ಆಳುಗಳ ಹೊಟ್ಟೆಗೆ ಇದೇ ಚುನ್ಯೊ. ಅವರು ಅಗೆದ ಬೆಳ್ಳಿ ಯುರೋಪಿಗೆ ಹೋಯಿತು. ಅದರಲ್ಲಿ ಒಂದಿಷ್ಟು ಮತ್ತೆ ಹಡಗು ಹತ್ತಿ, ಕಾಳುಮೆಣಸು ಕೊಳ್ಳಲು ನಮ್ಮ ಕರಾವಳಿಗೇ ಬಂತು.