ಭಗ್ನಾಸ್ಥಿಯ ಪ್ರಮಾಣ

ಮೂಳೆ ಮುರಿಯಿತೆಂಬುದನ್ನು ತಿಳಿಯಲು ನೊಂದವನ ಮುಖವೇ ಸಾಕು. ಆದರೆ ಅದು ಎಷ್ಟರಮಟ್ಟಿಗೆ ಮುರಿಯಿತು, ಒಬ್ಬನ ಭಂಗಕ್ಕಿಂತ ಮತ್ತೊಬ್ಬನದು ಎಷ್ಟು ಪಾಲು ಘೋರ ಎಂಬ ತಾರತಮ್ಯವನ್ನು, ನೋಡುವವರ ಮನೋಧರ್ಮಕ್ಕೆ ಅಧೀನವಾಗದಂತೆ ನಿಶ್ಚಯಿಸುವುದು ಮಾನವಬುದ್ಧಿಗೆ ಬಹುಕಾಲ ಎಟುಕದ ವಿಷಯವಾಗಿತ್ತು. ಅರಬ್ಬೀ ಸಮುದ್ರದ ಆಚೆಯ ದಡದಲ್ಲಿ, ನಮ್ಮ ಮಂಗಳೂರಿನ ಅಕ್ಕಿಯನ್ನು ಹಿಂದಿನಿಂದಲೂ ಬಲ್ಲ ಒಮಾನ್ ದೇಶದಲ್ಲಿ, ಈ ಪ್ರಶ್ನೆ ವೈದ್ಯನ ಮನೆಯಲ್ಲಿ ಎದ್ದಂತೆಯೇ ನ್ಯಾಯಪೀಠದ ಮುಂದೆಯೂ ಎದ್ದಿತು. ಅದಕ್ಕೆ ಕಾಲಕಾಲಕ್ಕೆ ದೊರೆತ ಉತ್ತರಗಳ ಇತಿಹಾಸ ಮನನಯೋಗ್ಯವಾದುದು.

ಇಸ್ಲಾಮೀ ಧರ್ಮಶಾಸ್ತ್ರವು ಪ್ರಾಣಹಾನಿಗೆ ನೂರು ಒಂಟೆಗಳ ‘ದಿಯಾ’ ಎಂಬ ಪರಿಹಾರವನ್ನು ವಿಧಿಸಿ, ಅದನ್ನೇ ಮಾನದಂಡವಾಗಿರಿಸಿಕೊಂಡು, ತಲೆ ಮುಖಗಳ ಗಾಯಗಳಿಗೆ ಅಂತಸ್ತುಗಳನ್ನು ಏರ್ಪಡಿಸಿತು: ಮಾಂಸ ಸೀಳಿ ಮೂಳೆ ಕಾಣಿಸಿಕೊಂಡರೆ 5 ಒಂಟೆ, ಮೂಳೆಯೇ ಒಡೆದರೆ 10, ಒಡೆದ ತುಣುಕು ಸ್ಥಾನಪಲ್ಲಟ ಹೊಂದಿದರೆ 15 ಎಂಬುದು ಶಾಸ್ತ್ರಜ್ಞರಲ್ಲಿ ಪ್ರಚುರವಾದ ಗಣನೆ. ಒಮಾನಿನ ಇಬಾದೀ ಪಂಥದ ವಿದ್ಯಾಕೇಂದ್ರವಾದ ನಿಜ್ವಾ ಪ್ರಾಂತದಲ್ಲಿ, 12ನೆಯ ಶತಮಾನದ ಆದಿಯಲ್ಲಿ ತೀರಿಕೊಂಡ ಮುಹಮ್ಮದ್ ಬಿನ್ ಇಬ್ರಾಹೀಂ ಅಲ್ ಕಿಂದಿಯು ಎಪ್ಪತ್ತಕ್ಕೂ ಮಿಕ್ಕ ಸಂಪುಟಗಳ ‘ಬಯಾನ್ ಅಲ್ ಶರ್’ ಎಂಬ ಧರ್ಮಕೋಶವನ್ನು ರಚಿಸಿದುದನ್ನು ನೆನೆದರೆ, ಇಂತಹ ವಿಚಾರಗಳಲ್ಲಿ ಆ ನಾಡಿನ ಪಂಡಿತರಿಗಿದ್ದ ಶ್ರದ್ಧೆ ಎಷ್ಟೆಂಬುದು ತಿಳಿದೀತು. ಆದರೂ ತಲೆಬುರುಡೆಗಿದ್ದ ಈ ನಿಯತವಾದ ಅಳತೆ ಕೈಕಾಲುಗಳ ಮೂಳೆಗಳಿಗೆ ಬಹುಮಟ್ಟಿಗೆ ಇರಲಿಲ್ಲ. ಅಲ್ಲಿ ಬಲ್ಲವರ ಸಾಕ್ಷ್ಯವನ್ನು ಕೇಳಿ ನ್ಯಾಯಾಧೀಶನು ತನ್ನ ವಿವೇಚನೆಯಿಂದಲೇ ತೀರ್ಮಾನಿಸಬೇಕಾಗಿತ್ತು.

ಆ ಬಲ್ಲವರಾದರೂ ಬೆರಳ ತುದಿಯ ಜ್ಞಾನವನ್ನೇ ನಂಬಿದವರು. ಸೊಹಾರಿನಲ್ಲಿ ಹುಟ್ಟಿ 1033ರಲ್ಲಿ ದೂರದ ಸ್ಪೇನಿನ ವಲೆನ್ಸಿಯಾದಲ್ಲಿ ಕಾಲವಾದ ಇಬ್ನ್ ಅಲ್ ದಹಬಿಯಂತಹ ವೈದ್ಯಕೋಶಕಾರನನ್ನೂ, ರುಸ್ತಾಖದ ರಾಶಿದ್ ಬಿನ್ ಉಮೈರಾನಂತಹ ವೈದ್ಯನನ್ನೂ ಒಮಾನ್ ಪಡೆದಿತ್ತು. ಹಳ್ಳಿಗಳಲ್ಲಿಯೋ ಮೂಳೆ ಕೂಡಿಸಿ ಕಟ್ಟುವವರು ತಂದೆಯಿಂದ ಮಗನಿಗೆ ವಿದ್ಯೆಯನ್ನು ಒಪ್ಪಿಸುತ್ತ ಬಂದರು. ನಮ್ಮ ಸುಶ್ರುತಸಂಹಿತೆಯು ಸಂಧಿಮುಕ್ತವನ್ನು 6 ಬಗೆಯಾಗಿಯೂ ಕಾಂಡಭಗ್ನವನ್ನು 12 ಬಗೆಯಾಗಿಯೂ ವಿಂಗಡಿಸಿ, ಪುಡಿಯಾದ ಮೂಳೆಗೆ ‘ಚೂರ್ಣಿತ’ವೆಂದು ಹೆಸರಿಟ್ಟಿತು; ಆದರೆ ಎಷ್ಟು ಚೂರ್ಣಿತವೆಂಬುದನ್ನು ಅಲ್ಲಿಯೂ ವೈದ್ಯನ ಸ್ಪರ್ಶವೇ ಹೇಳಬೇಕಾಗಿತ್ತು.

1895ರ ನವೆಂಬರಿನಲ್ಲಿ ರಂಟ್ಗನ್ ಕ್ಷ-ಕಿರಣವನ್ನು ಕಂಡುಹಿಡಿದಮೇಲೆ ಮುಚ್ಚಿದ ಮಾಂಸದೊಳಗಿನ ಮುರಿತ ಕಣ್ಣಿಗೆ ಗೋಚರವಾಯಿತು. ಆ ಕಾಲದ ಒಮಾನಿನಲ್ಲಿ ಪಾಶ್ಚಾತ್ಯ ವೈದ್ಯವೆಂದರೆ ಮುಖ್ಯವಾಗಿ ಅಮೆರಿಕದ ಮಿಷನ್ನಿನದು: ಶಾರನ್ ಥಾಮ್ಸ್ ಎಂಬ ವೈದ್ಯನು ಮತ್ರಾದಲ್ಲಿ ಸೇವೆ ಮಾಡುತ್ತ 1913ರಲ್ಲಿ ಎತ್ತರದಿಂದ ಬಿದ್ದು ಮೃತನಾದನು, ಅವನ ಮಗ ವೆಲ್ಸ್ ಥಾಮ್ಸ್ 1939ರಲ್ಲಿ ಅದೇ ಊರಿಗೆ ಬಂದು ಮೂವತ್ತು ವರ್ಷಗಳ ಕಾಲ ರೋಗಿಗಳನ್ನು ನೋಡಿಕೊಂಡನು. 1970ರಲ್ಲಿ ಸುಲ್ತಾನ್ ಖಾಬೂಸ್ ಪಟ್ಟಕ್ಕೆ ಬಂದಾಗ ದೇಶದಲ್ಲಿದ್ದ ಡಾಂಬರು ರಸ್ತೆ ಸುಮಾರು 10 ಕಿಲೋಮೀಟರು ಮಾತ್ರ. 1974ರಲ್ಲಿ ಹೆರಿಗೆಗೆಂದು ತೆರೆದ ಮಸ್ಕತ್ತಿನ ಖೌಲಾ ಆಸ್ಪತ್ರೆಯು ಮುಂದೆ ಅಪಘಾತ ಮತ್ತು ಮೂಳೆಚಿಕಿತ್ಸೆಗಳಿಗೆ ದೇಶದ ಪ್ರಧಾನ ಆಶ್ರಯವಾದುದು, ರಸ್ತೆಗಳೊಡನೆ ಬಂದ ಹೊಸ ಬಗೆಯ ಗಾಯಗಳ ಕಥೆಯನ್ನೂ ಹೇಳುತ್ತದೆ.

ಖರ್ಜೂರದ ಮರದ 5 ಮೀಟರು ಎತ್ತರದಿಂದ 70 ಕಿಲೋಗ್ರಾಂ ತೂಕದ ಮನುಷ್ಯ ಜಾರಿಬಿದ್ದರೆ ನೆಲ ಮುಟ್ಟುವಾಗ ಅವನಲ್ಲಿರುವ ಶಕ್ತಿ ಸುಮಾರು 3,400 ಜೂಲ್. ಗಂಟೆಗೆ 100 ಕಿಲೋಮೀಟರು ವೇಗದ ಕಾರಿನೊಳಗೆ ಕುಳಿತ ಅದೇ ಮನುಷ್ಯನಲ್ಲಿ ಸುಮಾರು 27,000. ಒಂದೇ ಹೆಸರಿನ ಭಂಗದ ಹಿಂದೆ ಎಂಟು ಮಡಿ ಅಂತರವಿರುವ ಶಕ್ತಿಗಳು ಅಡಗಿರಬಹುದು. ಇದನ್ನು ಚಿತ್ರದಿಂದ ಓದುವ ಕಣ್ಣುಗಳಾದರೂ ಒಮ್ಮತದವಲ್ಲ. ತೊಡೆಮೂಳೆಯ ಕತ್ತಿನ ಮುರಿತಕ್ಕೆ 1961ರಲ್ಲಿ ಗಾರ್ಡನ್ ಹಾಕಿಕೊಟ್ಟ ನಾಲ್ಕು ದರ್ಜೆಗಳನ್ನು ಹಿಡಿದು 8 ಮಂದಿ ತಜ್ಞರು 100 ಚಿತ್ರಗಳನ್ನು ಪರೀಕ್ಷಿಸಿದಾಗ, ಎಲ್ಲರೂ ಒಪ್ಪಿದುದು 22ರಲ್ಲಿ ಮಾತ್ರವೆಂದು 1988ರ ಒಂದು ಪ್ರಬಂಧ ತಿಳಿಸುತ್ತದೆ.

ಈ ಭಿನ್ನಾಭಿಪ್ರಾಯದಿಂದ ಪಾರಾಗುವ ಮಾರ್ಗವನ್ನು, 1971ರಲ್ಲಿ ಹೌನ್ಸ್‌ಫೀಲ್ಡನ ಯಂತ್ರದಿಂದ ಮೊದಲು ರೋಗಿಯ ಮೇಲೆ ಪ್ರಯೋಗಗೊಂಡ ಸಿ.ಟಿ. ಚಿತ್ರಣ ತೋರಿಸಿತು. ಮೂಳೆ ಒಡೆಯುವಾಗ ಹೊಸದಾಗಿ ಎಷ್ಟು ಮೇಲ್ಮೈ ತೆರೆದುಕೊಂಡಿತೋ ಅಷ್ಟಕ್ಕೆ ತಕ್ಕ ಶಕ್ತಿ ಅಲ್ಲಿ ವ್ಯಯವಾಗಿರಬೇಕೆಂಬುದು ಭೌತಶಾಸ್ತ್ರದ ನ್ಯಾಯ. ಇದನ್ನನುಸರಿಸಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು, ಕಣಕಾಲಿನ ಮುರಿತವನ್ನು ಅದೇ ರೋಗಿಯ ಇನ್ನೊಂದು, ಅಕ್ಷತವಾದ ಕಾಲಿನೊಡನೆ ಹೋಲಿಸಿ, ಗಣಕದಿಂದ ಹೊಸ ಮೇಲ್ಮೈಯನ್ನು ಅಳೆದು, ಭಂಗಶಕ್ತಿಯನ್ನು ಲೆಕ್ಕಹಾಕಿದರು. 2010ರಲ್ಲಿ ಅವರು ಪ್ರಕಟಿಸಿದಂತೆ, ಆ ಅಂಕಿಗೂ ಎರಡು ವರ್ಷಗಳ ತರುವಾಯ ಕೀಲಿನಲ್ಲಿ ಕಾಣಿಸಿಕೊಳ್ಳುವ ಸವೆತಕ್ಕೂ ನಿಕಟಸಂಬಂಧವಿತ್ತು.

ಇಲ್ಲಿಗೆ ನ್ಯಾಯಪೀಠದ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಮರಳುತ್ತದೆ. 2008ರ ರಾಜಶಾಸನದಿಂದ ಒಮಾನಿನಲ್ಲಿ ಪೂರ್ಣ ದಿಯಾದ ಮೊತ್ತ 15,000 ರಿಯಾಲಾಗಿ ನಿಗದಿಯಾಯಿತು. ಹಳೆಯ ಪಂಡಿತರ ಅಂತಸ್ತುಗಳು ಗಾಯವಾದ ಕ್ಷಣದ ಸ್ಥಿತಿಯನ್ನು ನೋಡಿ ಬೆಲೆಕಟ್ಟಿದವು. ಭಂಗಶಕ್ತಿಯ ಮಾಪನವೋ, ಇಂದು ಮೌನವಾಗಿರುವ ಕೀಲು ಮುಂದೆ ಕೂಲಿಯವನ ದುಡಿಮೆಯನ್ನು ಕುಂದಿಸೀತೆಂಬುದನ್ನು ಮೊದಲೇ ಸೂಚಿಸಬಲ್ಲುದು. ಆದ್ದರಿಂದ ಇದನ್ನು ಶಸ್ತ್ರವೈದ್ಯರ ಕುತೂಹಲಕ್ಕೆ ಮಾತ್ರ ಬಿಟ್ಟುಕೊಡದೆ, ಪರಿಹಾರವನ್ನು ನಿರ್ಣಯಿಸುವವರೂ ಬಳಸಿಕೊಳ್ಳುವುದು ಉಚಿತ. ಹಾಗಾದರೆ, ಮರುಭೂಮಿಯ ಹೆದ್ದಾರಿಯಲ್ಲಿ ಕಾಲು ಮುರಿದುಕೊಳ್ಳುವ ಒಮಾನಿಗನಿಗೂ, ನಮ್ಮ ಕರಾವಳಿಯಿಂದ ಅಲ್ಲಿಗೆ ಹೋದ ದುಡಿಮೆಗಾರನಿಗೂ, ಅವನ ಮುಂದಿನ ನೋವು ಕೂಡ ಲೆಕ್ಕಕ್ಕೆ ಬರುತ್ತದೆ.