ವಿದ್ವತ್ತೂ ಉದ್ಧರಣಗಳ ಗಣನೆಯೂ

ಒಬ್ಬ ವಿದ್ವಾಂಸನ ಬರಹವನ್ನು ಎಷ್ಟು ಮಂದಿ ಉದ್ಧರಿಸಿರುವರೆಂಬುದನ್ನೆಣಿಸಿ ಅವನ ಯೋಗ್ಯತೆಯನ್ನು ನಿರ್ಣಯಿಸುವ ಪದ್ಧತಿಯು ಈಗ ವಿಶ್ವವಿದ್ಯಾನಿಲಯಗಳಲ್ಲಿ ರೂಢವಾಗಿರುವುದಷ್ಟೆ. 1964ರಲ್ಲಿ ಅಮೆರಿಕದ ಯೂಜೀನ್ ಗಾರ್ಫೀಲ್ಡರು ವಿಜ್ಞಾನಲೇಖನಗಳ ಉದ್ಧರಣಸೂಚಿಯನ್ನು ಪ್ರಕಟಿಸಿದರು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿಗಳು ಎಚ್-ಸೂಚ್ಯಂಕವನ್ನು ಕಲ್ಪಿಸಿದರು. ಹತ್ತು ಲೇಖನಗಳು ಒಂದೊಂದೂ ಹತ್ತು ಸಲವಾದರೂ ಉದ್ಧೃತವಾಗಿದ್ದರೆ ಆ ಲೇಖಕನಿಗೆ 10 ಎಂಬ ಅಂಕವು ಸಲ್ಲುವುದು.

ಈ ಮಾನದಂಡವನ್ನು ಹಾಸನದಲ್ಲಿ 1925ರಲ್ಲಿ ಜನಿಸಿದ ಮನಶ್ಶಾಸ್ತ್ರಜ್ಞ ಸಾ. ಕೃ. ರಾಮಚಂದ್ರರಾಯರಿಗೆ ಅನ್ವಯಿಸಿ ನೋಡೋಣ. ಇವರು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದು, ಭಾರತೀಯ ಮನಶ್ಶಾಸ್ತ್ರಚಿಂತನದ ಬೆಳವಣಿಗೆಯನ್ನು ಕುರಿತು 1962ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥವನ್ನು ಪ್ರಕಟಿಸಿದರು. ತರುವಾಯ 12 ಸಂಪುಟಗಳ ಆಗಮಕೋಶವನ್ನೂ ಕನ್ನಡದಲ್ಲಿ 'ಮೂರ್ತಿಶಿಲ್ಪ' ಮೊದಲಾದವನ್ನೂ ರಚಿಸಿ 2006ರಲ್ಲಿ ದಿವಂಗತರಾದರು. ಸೂಚಿಗಳಾದರೋ ಮುಖ್ಯವಾಗಿ ಪತ್ರಿಕಾಲೇಖನಗಳನ್ನು ಎಣಿಸತಕ್ಕವು. ಕೋಶಗಳೂ ಕನ್ನಡ ಗ್ರಂಥಗಳೂ ಅವುಗಳಿಗೆ ಗೋಚರಿಸುವುದು ವಿರಳ.

ಅದೇ ಸೀಮೆಯ ಮತ್ತೊಂದು ನಿದರ್ಶನವುಂಟು. ಬಿ. ಎಲ್. ರೈಸರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 5ನೆಯ ಸಂಪುಟದಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮುಂತಾದ ತಾಲ್ಲೂಕುಗಳ ಶಾಸನಗಳಿಗೆ ಕ್ರಮಾಂಕಗಳನ್ನಿತ್ತರು. ಸಂಶೋಧಕರು ಅನೇಕ ವೇಳೆ ತಾಲ್ಲೂಕನ್ನೂ ಅಂಕೆಯನ್ನೂ ಸೂಚಿಸಿ ಮುಂದೆ ಸಾಗುವರು. ಸಂಪಾದಕರ ಹೆಸರು ಅಲ್ಲಿ ಬಾರದು. ಬಾರದ ಮಾತ್ರಕ್ಕೆ ಋಣವು ತೀರೀತೆ?

ಇದಲ್ಲದೆ, ನಮ್ಮ ಶಾಸ್ತ್ರಕಾರರು ಪೂರ್ವಪಕ್ಷವನ್ನು ಉದ್ಧರಿಸುವುದು ಖಂಡನೆಗಾಗಿಯೇ. ಗಣನೆಯು ಮಂಡನ ಖಂಡನಗಳ ಭೇದವನ್ನರಿಯದು. ಆದಕಾರಣ ಅಧ್ಯಾಪಕರ ನೇಮಕ, ಬಡ್ತಿಗಳನ್ನು ನಿರ್ಣಯಿಸುವವರು ಅಂಕಗಳನ್ನು ಸಹಾಯಕವಾಗಿ ಮಾತ್ರ ಗ್ರಹಿಸಿ, ಗ್ರಂಥಗಳನ್ನು ಓದಿಯೇ ತೀರ್ಪು ಕೊಡುವುದು ನ್ಯಾಯವೆಂದು ನಮ್ಮ ಅಭಿಪ್ರಾಯ.