ಬಹುಮಾನದ ಹುಂಜ ಮತ್ತು ಬೀಜದ ಹುಂಜ

ಇಂಗ್ಲೆಂಡಿನಲ್ಲಿ 1835 ಮತ್ತು 1849ರ ಶಾಸನಗಳು ಕೋಳಿಯಂಕವನ್ನು ನಿಷೇಧಿಸಿದ ಮೇಲೆ, ಹುಂಜದ ಕಾಳಗಕ್ಕೆ ಸಲ್ಲುತ್ತಿದ್ದ ಅಭಿಮಾನವು ಅದರ ಗರಿಯ ಬಣ್ಣಕ್ಕೂ ಜುಟ್ಟಿನ ಆಕಾರಕ್ಕೂ ಹೊರಳಿತು. 1845ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರೀಯ ಉದ್ಯಾನದಲ್ಲಿ ಕೋಳಿಗಳ ಪ್ರದರ್ಶನ ಏರ್ಪಟ್ಟಿತು. ಚೀನದಿಂದ ಬಂದ ಭಾರೀ ಗಾತ್ರದ ಕೋಳಿಗಳು 'ಕೊಚ್ಚಿನ್' ಎಂಬ ಹೆಸರಿನಿಂದ ಮೆರೆದವು. ಅವು ಕೇರಳದ ಕೊಚ್ಚಿಯವಲ್ಲ. ಅಮೆರಿಕದ ಜಾರ್ಜ್ ಬರ್ನ್‌ಹ್ಯಾಮ್ ಎಂಬ ವ್ಯಾಪಾರಿಯಂತೂ 1852ರಲ್ಲಿ ವಿಕ್ಟೋರಿಯಾ ರಾಣಿಗೆ ಕೋಳಿಗಳನ್ನು ಕಾಣಿಕೆಯಾಗಿ ಕಳುಹಿಸಿ ಹೆಸರು ಗಳಿಸಿದನು. 1855ರಲ್ಲಿ ಅದೇ ಹುಚ್ಚನ್ನು ಗೇಲಿಮಾಡಿ ಪುಸ್ತಕವನ್ನೂ ಬರೆದನು.

ತಳಿಗೆಂದು ಕೋಳಿ ಕೊಳ್ಳಹೊರಟವನಿಗೆ ಈ ವೈಭವದಿಂದ ಆದ ಉಪಕಾರ ಸ್ವಲ್ಪವೇ. ತೀರ್ಪುಗಾರನು ಕಾಣುವುದು ಪಂಜರದೊಳಗಿನ ಹಕ್ಕಿಯನ್ನು. ಕೊಳ್ಳುವವನಿಗೆ ಬೇಕಾದುದು ಅದರ ಹುಟ್ಟದ ಮರಿಗಳ ವಿಚಾರ. ಟೆಗೆಟ್ಮೈಯರ್ ಎಂಬಾತನ ಸಂಪಾದಕತ್ವದಲ್ಲಿ 1865ರಲ್ಲಿ ಹೊರಬಿದ್ದ ಪ್ರದರ್ಶನ ಕೋಳಿಗಳ ಲಕ್ಷಣಗ್ರಂಥವು ಕೋಳಿ ಹೇಗಿರಬೇಕೆಂದು ವಿಧಿಸಿತೇ ಹೊರತು, ಅಂಥ ಕೋಳಿಯಿಂದ ಅಂಥದೇ ಹುಟ್ಟುವುದೆಂಬ ಭರವಸೆ ಕೊಡಲಾರದಾಯಿತು. ಆ ಅರಿವು ಇದ್ದುದು ಸಾಕುವವರ ಅನುಭವದಲ್ಲಿ.

ಇದನ್ನು ಚೆನ್ನಾಗಿ ಕಂಡುಕೊಂಡವನು ಚಾರ್ಲ್ಸ್ ಡಾರ್ವಿನ್. ವಿದ್ವಾಂಸರು ಹಗುರವಾಗಿ ಕಾಣುತ್ತಿದ್ದ ಹವ್ಯಾಸಿಗಳ ನಡುವೆ ಆತನು ಹೋಗಿ ಕುಳಿತನು. ಲಂಡನ್ನಿನ ಎರಡು ಪಾರಿವಾಳ ಸಂಘಗಳ ಸದಸ್ಯನಾದನು. ಟೆಗೆಟ್ಮೈಯರನೊಡನೆ ವರ್ಷಗಳ ಕಾಲ ಪತ್ರವ್ಯವಹಾರ ನಡೆಸಿದನು. ಇಂಗ್ಲೆಂಡಿನ ತಳಿಗಳಷ್ಟೇ ಸಾಲದೆಂದು 1856ರ ಜನವರಿಯಲ್ಲಿ ಮದರಾಸಿನ ವಾಲ್ಟರ್ ಎಲಿಯಟ್ಟನಿಗೆ ಬರೆದು, ಸಾಕಿದ ಪಾರಿವಾಳ ಮತ್ತು ಕೋಳಿಗಳ ಚರ್ಮಗಳನ್ನು ಬೇಡಿದನು. ಎಲಿಯಟ್ ಕಳುಹಿಸಿದ ಚರ್ಮಗಳ ಉಪಕಾರವನ್ನು 1859ರ ಗ್ರಂಥದಲ್ಲಿಯೇ ಸ್ಮರಿಸಿದನು. 1824ರ ಕಿತ್ತೂರಿನ ಕಾಳಗದಲ್ಲಿ ಚೆನ್ನಮ್ಮನ ಪಡೆಯವರಿಗೆ ಸೆರೆಸಿಕ್ಕಿದವನೂ, ಮುಂದೆ ಧಾರವಾಡ ಸೀಮೆಯ ಕನ್ನಡ ಶಾಸನಗಳನ್ನು ಪ್ರತಿಮಾಡಿಸಿ ಸಂಗ್ರಹಿಸಿದವನೂ ಈ ಎಲಿಯಟ್ಟನೇ. ಶಾಸನಶಾಸ್ತ್ರದ ಚರಿತ್ರೆಯಲ್ಲಿ ಆತನನ್ನು ಬಲ್ಲವರು ಜೀವಶಾಸ್ತ್ರದ ಚರಿತ್ರೆಯಲ್ಲಿಯೂ ಕಾಣುವುದು ಉಚಿತ.

ಡಾರ್ವಿನ್ ಕಪ್ಪು ಸ್ಪ್ಯಾನಿಷ್ ಹುಂಜವನ್ನು ಬಿಳಿಯ ರೇಷ್ಮೆಗರಿಯ ಹೇಂಟೆಯೊಡನೆ ಕೂಡಿಸಿದಾಗ, ಮರಿಗಳಲ್ಲೊಂದು ಹುಂಜವು ಕೆಂಪು ಕಾಡುಕೋಳಿಯ ವೇಷ ತಳೆಯಿತು. ಆದರೆ ಇಂಥ ಮರುಕಳಿಕೆಯ ಲೆಕ್ಕವನ್ನು ಆತನು ಬಿಡಿಸಲಾಗಲಿಲ್ಲ.

ಲೆಕ್ಕ ಬಿಡಿಸಿದುದು ನೀಲಿ ಆಂಡಲೂಷಿಯನ್ ಎಂಬ ಕೋಳಿ. ನೀಲಿ ಹುಂಜಕ್ಕೆ ನೀಲಿ ಹೇಂಟೆಯನ್ನೇ ಕೂಡಿಸಿದರೂ ಮರಿಗಳಲ್ಲಿ ಕೆಲವು ಕಪ್ಪು, ಕೆಲವು ಚುಕ್ಕೆಬಿದ್ದ ಬಿಳುಪು. ಸಾಕುವವರು ಇವನ್ನು ಕೆಟ್ಟ ಸಂತಾನವೆಂದು ತೆಗೆದುಹಾಕಿ, ಇನ್ನೂ ಶುದ್ಧವಾದ ನೀಲಿಯನ್ನು ಅರಸಿ ಮತ್ತೊಬ್ಬನ ಬಾಗಿಲಿಗೆ ಹೋಗುತ್ತಿದ್ದರು. ಎಲ್ಲಿ ಕೊಂಡರೂ ಫಲ ಒಂದೇ. ಮೆಂಡೆಲನ ಪ್ರಬಂಧವು 1900ರಲ್ಲಿ ಮತ್ತೆ ಬೆಳಕಿಗೆ ಬಂದ ಮೇಲೆ ಬೇಟ್ಸನ್ ಮತ್ತು ಪನೆಟ್ ಈ ಒಗಟನ್ನು ಒಡೆದರು. ನೀಲಿಯು ತಳಿಯೇ ಅಲ್ಲ, ಎರಡು ತಳಿಗಳ ಬೆರಕೆ. ನೀಲಿಗೆ ನೀಲಿ ಕೂಡಿದರೆ ಸರಾಸರಿಯಲ್ಲಿ ಅರ್ಧ ನೀಲಿ, ಕಾಲು ಕಪ್ಪು, ಕಾಲು ಚುಕ್ಕೆಯ ಬಿಳುಪು. ಈ ಬಣ್ಣದ ಮಟ್ಟಿಗೆ ಶುದ್ಧವಾದವು ಎಸೆದ ಮರಿಗಳೇ. ಕಪ್ಪಿಗೆ ಚುಕ್ಕೆಯ ಬಿಳಿಯನ್ನು ಕೂಡಿಸಿದರೆ ಮರಿಗಳೆಲ್ಲವೂ ನೀಲಿ. ಒಳ್ಳೆಯ ಬೀಜವು ಬಹುಮಾನದ ಪಂಜರದಲ್ಲಿರದೆ ಹಿತ್ತಲಿನ ಕಸದಲ್ಲಿತ್ತು!

ಆದರೂ ಹವ್ಯಾಸಿಗಳನ್ನು ಅಜ್ಞರೆನ್ನುವುದು ಅನ್ಯಾಯ. ಪಟ್ಟೆಗರಿಯ ಪ್ಲಿಮತ್ ರಾಕ್ ತಳಿಯಲ್ಲಿ ಹುಂಜದ ಪಟ್ಟೆ ತಿಳಿ, ಹೇಂಟೆಯದು ಗಾಢ. ಪ್ರದರ್ಶನದ ನಿಯಮವೋ ಎರಡೂ ಸಮವಾಗಿರಬೇಕೆಂದು ಹಟಹಿಡಿಯಿತು. ಆಗ ಅವರು ಹುಂಜಕ್ಕೊಂದು, ಹೇಂಟೆಗೊಂದು ಎಂದು ಎರಡು ಪ್ರತ್ಯೇಕ ಸಂತತಿಗಳನ್ನೇ ಕಾಪಾಡಿಕೊಂಡು ಬಂದರು. ಹುಂಜಕ್ಕೆ ಆ ಗುಣವು ತಂದೆತಾಯಿ ಇಬ್ಬರಿಂದಲೂ, ಹೇಂಟೆಗೆ ತಂದೆಯಿಂದ ಮಾತ್ರ ಬರುವುದೆಂಬ ಕಾರಣವು ಗೊತ್ತಾಗುವ ಮೊದಲೇ ಅವರ ಏರ್ಪಾಡು ಸಿದ್ಧವಾಗಿತ್ತು. ಒಂದು ಸಂತತಿಯ ಬಹುಮಾನಿತ ಹುಂಜವನ್ನೂ ಇನ್ನೊಂದರ ಬಹುಮಾನಿತ ಹೇಂಟೆಯನ್ನೂ ಕೊಂಡು ಜೋಡಿಮಾಡಿದವನಿಗೆ ಮಾತ್ರ ಎರಡೂ ಕೈಬಿಡುತ್ತಿದ್ದವು.